ಹೊಲಿಗೆ ಯಂತ್ರವನ್ನು ಬಚ್ಚಿಡಬೇಡಿ

ಕಳೆದ ಏಪ್ರಿಲ್‌ನಲ್ಲಿ ಒಬ್ಬರು ನನ್ನ ಕಚೇರಿಗೆ ಬಂದರು. ವೃತ್ತಿಯಲ್ಲಿ ಟೈಲರ್, ವಯಸ್ಸು ಐವತ್ತರ ಆಸುಪಾಸು. ಕ್ಯಾರಿಬ್ಯಾಗೊಂದನ್ನು ಮೇಜಿನ ಮೇಲಿಟ್ಟು, ಅದು ತಮ್ಮದಲ್ಲವೆನ್ನುವಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಒಳಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದ ಲಕೋಟೆಗಳಿದ್ದವು. ಎಣಿಸಿದೆ, ಹದಿನಾಲ್ಕು. ಒಂದನ್ನೂ ಒಡೆದಿರಲಿಲ್ಲ.

"ಮೇಡಂ, ಒಂದು ಪಾಪರ್ ಚೀಟಿ ಮಾಡಿಸಿಕೊಡಿ. ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ" ಎಂದರು. ಸಾಲ ತೀರಿಸಲಾಗದೆ ದಿವಾಳಿಯಾದವನೆಂದು ಬರೆದ ಚೀಟಿ ಅವರಿಗೆ ಬೇಕಿತ್ತು.

ಹೊಲಿಗೆ ನಡೆಯುತ್ತಿದೆಯೇ ಅಣ್ಣಾ ಎಂದು ಕೇಳಿದೆ. ಇಲ್ಲ. ಜಪ್ತಿಗೆ ಬಂದರೆ ಯಂತ್ರವೇ ಹೋಗುತ್ತದೆಂದು ಹೆದರಿ, ಅದನ್ನು ಭಾವನ ಹಳ್ಳಿಗೆ ಸಾಗಿಸಿ, ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದಿಸಿ ಇಟ್ಟಿದ್ದರು. ನಾಲ್ಕು ತಿಂಗಳಿಂದ ದುಡಿಮೆ ಇಲ್ಲ. ಸಾಲ ಏಳೂವರೆ ಲಕ್ಷ, ಬಡ್ಡಿ ಮಾತ್ರ ದಿನವೂ ಓಡುತ್ತಿತ್ತು.

ಆ ಯಂತ್ರವನ್ನು ಯಾವ ನ್ಯಾಯಾಲಯದ ಅಮೀನನೂ ಮುಟ್ಟುವಂತಿರಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಓದಿ ನೋಡಿ. ಉಟ್ಟ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು ಮತ್ತು ಎತ್ತು, ರೈತನೋ ಕೂಲಿಕಾರನೋ ತಾನೇ ವಾಸವಿರುವ ಮನೆ, ಭವಿಷ್ಯ ನಿಧಿ, ಜೀವ ವಿಮೆಯ ಹಣ: ಇವನ್ನು ಸಾಮಾನ್ಯ ಹಣದ ಡಿಕ್ರಿಗಾಗಿ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿಗಾಗಿ, ಜಪ್ತಿ ಮಾಡುವಂತಿಲ್ಲ. ಯಂತ್ರವನ್ನೇ ಅಡವಿಟ್ಟು ಸಾಲ ತಂದಿದ್ದರೆ ಮಾತು ಬೇರೆ. ಇವರು ಹಾಗೆ ಮಾಡಿರಲಿಲ್ಲ. ಅವರನ್ನು ನಾಲ್ಕು ತಿಂಗಳು ಉಪವಾಸ ಕೆಡವಿದ್ದು ಭಯ ಒಂದೇ.

ಇಪ್ಪತ್ತೆರಡು ವರ್ಷಗಳಿಂದ ತಾಲ್ಲೂಕು ಕೇಂದ್ರವೊಂದರಲ್ಲಿ ವಕೀಲಿ ಮಾಡುತ್ತಿದ್ದೇನೆ. ಸಾಲದ ವಿಷಯಕ್ಕೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ತಡವಾಗಿ ಬರುತ್ತಾರೆ. ಹೆಂಡತಿಯ ಒಡವೆ ಹೋಗಿ, ಸೈಟು ಹೋಗಿ, ಮಗಳ ಓದು ನಿಂತ ಮೇಲೆ ಬರುತ್ತಾರೆ. ಕಾನೂನು ಕಸಿದುಕೊಳ್ಳದಿದ್ದುದನ್ನೂ ತಾವಾಗಿಯೇ ಮಾರಿಕೊಂಡಿರುತ್ತಾರೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಾಪರ್ ಚೀಟಿಯ ವಿಷಯ. ಆಂಧ್ರದ ಗಡಿಯ ಕಡೆಯವರು ಇದನ್ನೇ "ಐಪಿ ಹಾಕುವುದು" ಎನ್ನುತ್ತಾರೆ. ಇನ್ಸಾಲ್ವೆನ್ಸಿ ಪಿಟಿಷನ್ (ದಿವಾಳಿ ಅರ್ಜಿ) ಎಂಬ ಎರಡು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಅವು. ಸರ್ಕಾರಿ ಕಚೇರಿಯಲ್ಲಿ ಮುದ್ರೆ ಒತ್ತಿ ಕೈಗೆ ಕೊಡುವ ಚೀಟಿ ಎಂದು ಜನ ತಿಳಿದಿದ್ದಾರೆ. ಅಂಥ ಚೀಟಿ ಇಲ್ಲ. ಇರುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಬ್ರಿಟಿಷರ ಕಾಲದ ಈ ಕಾನೂನಿನ ಪ್ರಕಾರ 500 ರೂಪಾಯಿ ಸಾಲವಿದ್ದು ಅದನ್ನು ತೀರಿಸಲಾಗದವನೂ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆ ಐನೂರು ಇಂದಿಗೂ ಐನೂರಾಗಿಯೇ ಇದೆ.

ಅರ್ಜಿ ಹಾಕಿದರೆ ಏನಾಗುತ್ತದೆ? ಇರುವ ಆಸ್ತಿಯನ್ನೆಲ್ಲ, ಯಾರಿಗೆ ಎಷ್ಟು ಕೊಡಬೇಕೆಂಬುದನ್ನೆಲ್ಲ ಪ್ರಮಾಣ ಮಾಡಿ ತೋರಿಸಬೇಕು. ನ್ಯಾಯಾಲಯ ದಿವಾಳಿ ಎಂದು ಘೋಷಿಸಿದರೆ, ಜಪ್ತಿಯಾಗದ ವಸ್ತುಗಳನ್ನು ಬಿಟ್ಟು ಉಳಿದ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸುವ ರಿಸೀವರ್ ಎಂಬ ಅಧಿಕಾರಿಯ ವಶಕ್ಕೆ ಹೋಗುತ್ತದೆ. ಅದನ್ನು ಮಾರಿ ಸಾಲ ಕೊಟ್ಟವರಿಗೆಲ್ಲ ಹಂಚುತ್ತಾರೆ. ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬೆನ್ನು ಹತ್ತುವುದು ನಿಲ್ಲುತ್ತದೆ. ಕೊನೆಗೆ ನಡವಳಿಕೆ ನೋಡಿ ನ್ಯಾಯಾಲಯ ಋಣಮುಕ್ತಿಯ ಆದೇಶ ಕೊಡಬಹುದು. ಆ ಆದೇಶ ಸಿಗುವವರೆಗೆ ಹೊಸದಾಗಿ ಬಂದ ಆಸ್ತಿಯೂ ಸಾಲ ಕೊಟ್ಟವರದ್ದೇ. ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಆಮೇಲೂ ಉಳಿಯುತ್ತವೆ. ಮನೆಯನ್ನು ಒತ್ತೆಯಿಟ್ಟು ತೆಗೆದ ಸಾಲ, ಚಿನ್ನದ ಸಾಲ ಇವಕ್ಕೆ ಈ ಅರ್ಜಿಯಿಂದ ರಕ್ಷಣೆ ಸಿಗುವುದಿಲ್ಲ, ಒತ್ತೆ ಹಿಡಿದವನ ಹಕ್ಕು ಹಾಗೆಯೇ ಇರುತ್ತದೆ. ದಿವಾಳಿಯಾದವನು ಋಣಮುಕ್ತನಾಗುವವರೆಗೆ ಶಾಸಕನೋ ಸಂಸದನೋ ಆಗುವಂತಿಲ್ಲ ಎಂದು ಸಂವಿಧಾನವೇ ಹೇಳುತ್ತದೆ. ನಮ್ಮ ಬಳಿ ಬರುವವರಿಗೆ ಆ ಚಿಂತೆ ಇರುವುದಿಲ್ಲ, ಸರ್ಕಾರಿ ನೌಕರರು ಮಾತ್ರ ತಮ್ಮ ಸೇವಾ ನಿಯಮಗಳನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ: "ಅದಕ್ಕೆ ಮೊದಲು ಮನೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಬಿಡಲೇ?" ದಯವಿಟ್ಟು ಮಾಡಬೇಡಿ. ದಿವಾಳಿ ಅರ್ಜಿ ಹಾಕುವುದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಹಾಗೆ ಬರೆದುಕೊಟ್ಟ ದಾನಪತ್ರವನ್ನು ನ್ಯಾಯಾಲಯ ರದ್ದು ಮಾಡಬಲ್ಲದು. ಆಸ್ತಿ ಮುಚ್ಚಿಟ್ಟಿದ್ದು ಗೊತ್ತಾದರೆ ಒಂದು ವರ್ಷದವರೆಗೆ ಜೈಲು. ಕೈಯಲ್ಲಿಲ್ಲದೆ ಸೋತವನಿಗೆ ಸಿಗುವ ಅನುಕಂಪ ಬಚ್ಚಿಟ್ಟವನಿಗೆ ಸಿಗುವುದಿಲ್ಲ, ಸಿಗಲೂಬಾರದು.

ಇನ್ನು ಜೈಲಿನ ಭಯ. ಫೋನಿನಲ್ಲಿ ವಸೂಲಿಗಾರ "ನಾಳೆ ಪೊಲೀಸರು ಬರುತ್ತಾರೆ" ಎಂದು ಹೇಳಿದ ಮಾತಿಗೆ ರಾತ್ರಿಯೆಲ್ಲ ಕಣ್ಣು ಮುಚ್ಚದವರನ್ನು ಕಂಡಿದ್ದೇನೆ. ಸಾಲ ತೀರಿಸಲಾಗದಿರುವುದು ಅಪರಾಧವಲ್ಲ. ಡಿಕ್ರಿಯಾದ ಮೇಲೆ ಸಿವಿಲ್ ಸೆರೆ ಎಂಬುದೊಂದು ಇದೆ, ಗರಿಷ್ಠ ಮೂರು ತಿಂಗಳು. ಹಣವಿದ್ದೂ ಕೊಡದೆ ಸತಾಯಿಸುತ್ತಿದ್ದಾನೆ, ಆಸ್ತಿ ಮರೆಮಾಚಿದ್ದಾನೆ ಎಂಬಂಥದ್ದು ಸಾಬೀತಾಗದೆ ಅದಕ್ಕೆ ಆದೇಶವಾಗುವುದಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನಂತೂ ಬಂಧಿಸುವಂತೆಯೇ ಇಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಬಡತನದಿಂದ ಸಾಲ ತೀರಿಸಲಾಗದವನನ್ನು ಸೆರೆಗೆ ಹಾಕುವುದು ಬದುಕುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಬರೆದರು. ಆ ತೀರ್ಪನ್ನು ಓದಿದಾಗಲೆಲ್ಲ ನಾನು ಹಿಡಿದ ವೃತ್ತಿಯ ಮೇಲೆ ಗೌರವ ಹೆಚ್ಚುತ್ತದೆ.

ಆದರೆ ಚೆಕ್ ಕೊಟ್ಟಿದ್ದರೆ ಎಚ್ಚರ. ಚೆಕ್ ಬೌನ್ಸ್ ಅಪರಾಧ, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡರಷ್ಟು ದಂಡ ಅಥವಾ ಎರಡೂ ಆಗಬಹುದು. ನೋಟಿಸ್ ಕೈಗೆ ಬಂದ 15 ದಿನಗಳೊಳಗೆ ಹಣ ಕೊಟ್ಟರೆ ಅಪರಾಧವೇ ಆಗುವುದಿಲ್ಲ. ಟೈಲರ್ ಅಣ್ಣನ ಕ್ಯಾರಿಬ್ಯಾಗಿನಲ್ಲಿದ್ದ ಹದಿನಾಲ್ಕರಲ್ಲಿ ಒಂದು ಅಂಥ ನೋಟಿಸ್. ಕೈಸಾಲ ಕೊಟ್ಟ ಪರಿಚಯದವರು ಕಳಿಸಿದ್ದು. ಹದಿನೈದು ದಿನ ಕಳೆದು ಎಷ್ಟೋ ಕಾಲವಾಗಿತ್ತು. ಲಕೋಟೆ ಒಡೆಯದಿದ್ದರೆ ನೋಟಿಸ್ ಬಂದಿಲ್ಲವೆಂದು ಆಗುವುದಿಲ್ಲ. ಬೇರೇನನ್ನು ಮರೆತರೂ ಇದನ್ನು ನೆನಪಿಡಿ: ಲಕೋಟೆ ಬಂದ ದಿನವೇ ಒಡೆಯಿರಿ, ಬಂದ ದಿನಾಂಕವನ್ನು ಅದರ ಮೇಲೆ ಬರೆಯಿರಿ.

ಸಂಬಳದವರು ಕೇಳುವುದು ಪೂರ್ತಿ ಸಂಬಳ ಹೋಗುತ್ತದೆಯೇ ಎಂದು. ಇಲ್ಲ. ಮೊದಲ ಸಾವಿರ ರೂಪಾಯಿ, ಉಳಿದದ್ದರ ಮೂರನೇ ಎರಡು ಭಾಗ ನಿಮ್ಮದೇ. 25,000 ಸಂಬಳವಿದ್ದರೆ ತಿಂಗಳಿಗೆ ಹೆಚ್ಚೆಂದರೆ 8,000 ಹಿಡಿಯಬಹುದು, ಅದೂ ನ್ಯಾಯಾಲಯದ ಆದೇಶವಿದ್ದರೆ ಮಾತ್ರ.

ಜಾಮೀನು ಹಾಕಿದವರ ಪಾಡು ಕಷ್ಟದ್ದು. ಸಾಲ ಮಾಡಿದವನಷ್ಟೇ ಜಾಮೀನುದಾರನೂ ಹೊಣೆ. ನೀವು ದಿವಾಳಿಯಾದರೂ ಅವನು ಬಿಡುಗಡೆಯಾಗುವುದಿಲ್ಲ. ನಿಮ್ಮ ಮೇಲಿನ ಸ್ನೇಹಕ್ಕೆ ಸಹಿ ಹಾಕಿದವರಿದ್ದರೆ ವಕೀಲರ ಬಳಿಗೆ ಬರುವಾಗ ಅವರನ್ನೂ ಕರೆತನ್ನಿ, ಅವರಿಗೆ ವಿಷಯ ಪೋಸ್ಟ್‌ಮ್ಯಾನ್‌ನಿಂದ ಗೊತ್ತಾಗುವಂತೆ ಮಾಡಬೇಡಿ.

"ಅಪ್ಪನ ಸಾಲ ಮಗ ತೀರಿಸಬೇಕು" ಎಂಬ ಮಾತು ನಮ್ಮಲ್ಲಿ ರಕ್ತದಲ್ಲೇ ಇದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ, ಮಗನೆಂಬ ಧರ್ಮದ ಹೊಣೆಯ ಮೇಲಷ್ಟೇ ತಂದೆಯ ಸಾಲವನ್ನು ಮಗನಿಂದ ಕೇಳುವ ಹಕ್ಕನ್ನು ತೆಗೆದುಹಾಕಿತು. ತಂದೆಯಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಹೊಣೆ. ಪ್ರೀತಿಯಿಂದ ತೀರಿಸುವುದಾದರೆ ನಿಮ್ಮ ಇಷ್ಟ. ತಿಥಿಯ ದಿನ ಬಾಗಿಲಿಗೆ ಬಂದು ನಿಂತವನಿಗೆ ಹೆದರಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ವಸೂಲಿಗಾರರಿಗೂ ಹೊತ್ತುಗೊತ್ತಿದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದಂತೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಿ ಪೀಡಿಸುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಆ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 6. ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದಕ್ಕೂ ಅವಕಾಶವಿಲ್ಲ. ಸಂಸ್ಥೆಗೆ ಬರೆದು ದೂರು ಕೊಡಿ, 30 ದಿನಗಳಲ್ಲಿ ಪರಿಹಾರವಾಗದಿದ್ದರೆ ಇಂಥ ದೂರು ಕೇಳಲೆಂದೇ ಇರುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ನೋಂದಣಿಯಿಲ್ಲದ ಬಡ್ಡಿ ವ್ಯಾಪಾರಿಗಳ ಕಿರುಕುಳಕ್ಕೆ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯಿದೆಯಾಯಿತು, ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ಅದಕ್ಕೆ ಮೊದಲು ಹಳ್ಳಿಗಳಿಂದ ಬಂದ ಸಾವಿನ ಸುದ್ದಿಗಳನ್ನು ನಾನು ಮರೆತಿಲ್ಲ. ಅವರಲ್ಲಿ ಎಷ್ಟು ಜನರಿಗೆ ಮೇಲಿನ ನಾಲ್ಕು ಮಾತನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದರೋ!

ಈಗ ನನ್ನ ಸಿಟ್ಟಿನ ವಿಷಯ. 2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆಯನ್ನು ಮಾಡಿತು. ಕಂಪನಿಗಳಿಗೆ ಅದು ಅದೇ ವರ್ಷ ತೆರೆದುಕೊಂಡಿತು. ವ್ಯಕ್ತಿಗಳಿಗಾಗಿ ಬರೆದ ಮೂರನೇ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಟೈಲರ್, ಹೂವಾಡಗಿತ್ತಿ, ಆಟೋ ಚಾಲಕ, ಕೆಲಸ ಕಳೆದುಕೊಂಡ ಗುಮಾಸ್ತ, ಇವರಿಗೆ ಆ ಬಾಗಿಲು ಇನ್ನೂ ತೆರೆದಿಲ್ಲ. ಅದರಲ್ಲಿ "ಹೊಸ ಆರಂಭ" ಎಂಬ ಒಳ್ಳೆಯ ಏರ್ಪಾಡೂ ಇದೆ: ವರ್ಷದ ಆದಾಯ 60,000 ಮೀರದ, ಆಸ್ತಿ 20,000 ಮೀರದ, ಸ್ವಂತ ಮನೆಯಿಲ್ಲದವರ 35,000 ರೂಪಾಯಿವರೆಗಿನ ಸಾಲವನ್ನು ಅಳಿಸಿಹಾಕುವುದು. ಅದೂ ಕಾಗದದಲ್ಲೇ ಉಳಿದಿದೆ. ಇವತ್ತು ಜಾರಿಗೆ ತಂದರೂ ಆ ಮೊತ್ತ ಸಾಲದು, ಒಂದೇ ಸಂಘದ ಸಾಲ ಅದನ್ನು ದಾಟಿರುತ್ತದೆ. ಮೊತ್ತವನ್ನು ಏರಿಸಿ, ಭಾಗವನ್ನು ಪೂರ್ತಿಯಾಗಿ ಜಾರಿಗೆ ತರಬೇಕು. ಸೋತ ಉದ್ಯಮಿಗೆ ಎರಡನೇ ಅವಕಾಶ ಬೇಕೆಂದು ಒಪ್ಪಿದ ದೇಶ ಸೋತ ಟೈಲರ್‌ಗೂ ಅದನ್ನು ಒಪ್ಪಬೇಕು.

ಅಲ್ಲಿಯವರೆಗೆ ನಾನು ಹೆಚ್ಚಿನವರಿಗೆ ನೇರವಾಗಿ ದಿವಾಳಿ ಅರ್ಜಿ ಹಾಕಲು ಹೇಳುವುದಿಲ್ಲ. ಮೊದಲು ಒಂದು ಹಾಳೆಯಲ್ಲಿ ಎಲ್ಲ ಸಾಲವನ್ನೂ ಬರೆಯಿಸುತ್ತೇನೆ: ಯಾರಿಗೆ, ಎಷ್ಟು, ಒತ್ತೆ ಏನು, ಜಾಮೀನು ಯಾರು, ಚೆಕ್ ಕೊಟ್ಟಿದೆಯೇ. ಆಮೇಲೆ ಒಂದೊಂದು ಸಂಸ್ಥೆಯ ಜೊತೆ ರಾಜಿಯ ಮಾತು. ಒಪ್ಪಂದ ಬರಹದಲ್ಲಿ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ, ಏಜೆಂಟನ ಸ್ವಂತ ಯುಪಿಐಗೆ ಎಂದಿಗೂ ಹಾಕಬೇಡಿ. ರಾಜಿಯಾದ ಸಾಲ ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಪೂರ್ತಿ ತೀರಿದ ಸಾಲದಂತೆ ಕಾಣಿಸುವುದಿಲ್ಲ, ಅದೂ ತಿಳಿದಿರಲಿ. ಲೋಕ ಅದಾಲತ್‌ನಲ್ಲಿ ಶುಲ್ಕವಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ಸಹಾಯವಾಣಿ 15100.

ಆ ದಿನ ಹದಿನಾಲ್ಕು ಲಕೋಟೆಗಳನ್ನೂ ಇಬ್ಬರೂ ಕುಳಿತು ಒಡೆದೆವು. ಐದು ಒಂದೇ ಸಾಲದ್ದು, ಮತ್ತೆ ಮತ್ತೆ ಬಂದವು. ಒಂದರಲ್ಲಿ ಬಡ್ಡಿಯ ಬಹುಪಾಲು ಬಿಟ್ಟು ರಾಜಿಗೆ ಕರೆದಿದ್ದರು. ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅವರು ಆ ಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ.

ಮೇ ತಿಂಗಳಲ್ಲಿ ಗೂಡ್ಸ್ ಆಟೋದಲ್ಲಿ ಯಂತ್ರ ಹಳ್ಳಿಯಿಂದ ಮರಳಿತು. ಶಾಲೆ ಶುರುವಾಗುವ ಹೊತ್ತಿಗೆ ಸಮವಸ್ತ್ರದ ಕೆಲಸ ಸಿಕ್ಕಿತು. ಕೈಸಾಲ ಕೊಟ್ಟವರು ಕಂತಿನ ರಾಜಿಗೆ ಒಪ್ಪಿದರು, ಎರಡು ಸಾಲ ಲೋಕ ಅದಾಲತ್‌ನಲ್ಲಿ ಮುಗಿದವು. ಇನ್ನೊಂದು ಸಂಸ್ಥೆ ಜಗ್ಗಲಿಲ್ಲ, ದಾವೆ ಹಾಕಿದೆ, ನಡೆಯುತ್ತಿದೆ. ಹೋದ ವಾಯಿದೆಗೆ ಅವರು ಅಂಗಡಿಯಿಂದ ನೇರವಾಗಿ ನ್ಯಾಯಾಲಯಕ್ಕೆ ಬಂದಿದ್ದರು, ಅಳತೆಯ ಟೇಪು ಕೊರಳಲ್ಲೇ ಇತ್ತು. ಕೈಯಲ್ಲಿ ಅಂದು ಬೆಳಿಗ್ಗೆ ಬಂದ ಲಕೋಟೆ, ಒಡೆದದ್ದು, ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ದಿನಾಂಕ.