ನನ್ನ 612, ಷಡ್ಡಕರ 812

ಯಾವ ಪರೀಕ್ಷೆಯಲ್ಲೂ ನೂರಕ್ಕೆ ಐವತ್ತೆರಡು ದಾಟಿದವನಲ್ಲ ನಾನು. ಹಾಗಾಗಿ ಬ್ಯಾಂಕಿನ ಹುಡುಗ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ಸಾರ್, ನಿಮ್ಮ ಕ್ರೆಡಿಟ್ ಸ್ಕೋರು 612" ಅಂದಾಗ ಒಳಗೊಳಗೇ ಹಿಗ್ಗಿದೆ. ಅವನ ಮುಖ ಮಾತ್ರ ಸಾವಿನ ಮನೆಗೆ ಬಂದವನ ಹಾಗಿತ್ತು. "ಕಾರ್ ಲೋನು ಕಷ್ಟ ಆಗತ್ತೆ ಸಾರ್" ಅಂದ.

ಸಾಲ ತೀರಿಸುವುದರಲ್ಲಿ ನಾವೆಷ್ಟು ನಂಬಿಕಸ್ಥರು ಅಂತ ಹೇಳುವ ಈ ಅಂಕದ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮ ದೇಶದ ಸಿಬಿಲ್ ಸ್ಕೋರಾದರೆ 300ರಿಂದ 900, ಅಮೆರಿಕದ ಫೈಕೊ ಸ್ಕೋರಾದರೆ 300ರಿಂದ 850. ಮೂರೂ ಬಿಟ್ಟು ಸಾಲ ಮುಳುಗಿಸಿದವನಿಗೂ ಮೊದಲ 300 ಪುಕ್ಕಟೆ. ಆ ಪುಕ್ಕಟೆ ಕಳೆದರೆ 900ರ ಲೆಕ್ಕದಲ್ಲಿ ನನ್ನ ಸ್ವಂತ ಸಂಪಾದನೆ 600ಕ್ಕೆ 312. ಭಾಗಿಸಿ ನೋಡಿದೆ. ನೂರಕ್ಕೆ ಐವತ್ತೆರಡು! ಇಷ್ಟು ವರ್ಷವಾದರೂ ನಾನು ಒಂಚೂರೂ ಬದಲಾಗಿಲ್ಲ.

ಮನೆಗೆ ಬಂದು ಹೇಳಿದೆ. ಹೆಂಡತಿ ಏನೂ ಅನ್ನಲಿಲ್ಲ, ಮೊಬೈಲ್ ಎತ್ತಿಕೊಂಡು ಕೋಣೆಗೆ ಹೋದಳು. ಹತ್ತು ನಿಮಿಷಕ್ಕೆ ಹೊರಗೆ ಬಂದು, "ನನ್ನ ತಂಗಿ ಗಂಡಂದು 812 ಅಂತೆ" ಅಂದಳು. ಷಡ್ಡಕರ ಎದುರು ಸಂಬಳ, ಎತ್ತರ, ತಲೆಗೂದಲು ಮೂರರಲ್ಲೂ ಸೋತಿದ್ದವನಿಗೆ ಇದು ನಾಲ್ಕನೆಯದು.

ಅವತ್ತು ರಾತ್ರಿ ನನ್ನ ಸಾಲಗಳ ಜಾತಕವಾದ ಕ್ರೆಡಿಟ್ ರಿಪೋರ್ಟು ಇಳಿಸಿಕೊಂಡು ಕೂತೆ. ಪ್ರತಿ ಸಾಲದ ಕೆಳಗೆ ತಿಂಗಳಿಗೊಂದರಂತೆ ಪುಟ್ಟ ಪುಟ್ಟ ಚೌಕ, ಒಳಗೆ ಮೂರಂಕಿ. ಒಂದು ಹಳೆಯ ಕ್ರೆಡಿಟ್ ಕಾರ್ಡಿನ ಸಾಲಿನಲ್ಲಿ 000, 000, 000 ಅಂತ ಸೊನ್ನೆ ಸುತ್ತುತ್ತಾ ಬಂದು, ಆಮೇಲೆ 030, 060, 090. "ನೋಡು, ಮೊದಮೊದಲು ಸೊನ್ನೆ ಬರ್ತಿತ್ತು, ಈಚೆಗೆ ಸುಧಾರಿಸಿದೀನಿ" ಅಂತ ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಮೇಲಿನ ಸಾಲು ಓದಿದಳು. ಅವು ಕಂತು ಎಷ್ಟು ದಿನ ತಡವಾಗಿದೆ ಅನ್ನುವ ಲೆಕ್ಕವಂತೆ. ಸೊನ್ನೆ ಬಂದವನೇ ಇಲ್ಲಿ ಜಾಣ. ಮೊದಲೇ ಹೇಳಿದ್ದರೆ ಈ ವಿದ್ಯೆಯಲ್ಲಿ ನಾನು ರ‍್ಯಾಂಕು ತೆಗೆಯುತ್ತಿದ್ದೆ.

ಆ ಕಾರ್ಡನ್ನು ನಾನು ಬಳಸಿಯೇ ಇರಲಿಲ್ಲ. ಬೀರುವಿನಲ್ಲಿ ಹಳೆ ಬೀಗದ ಕೈಗಳ ಜೊತೆ ಬಿದ್ದಿತ್ತು. ಆದರೆ ಅದಕ್ಕೆ ವರ್ಷದ ಶುಲ್ಕ ಅಂತ ಒಂದು ಚಿಲ್ಲರೆ ಮೊತ್ತ ಬಿದ್ದಿದೆ. ಕಟ್ಟಲಿಲ್ಲ ಅಂತ ದಂಡ, ಎರಡರ ಮೇಲೂ ಬಡ್ಡಿ. ಮೂರು ತಿಂಗಳಲ್ಲಿ ಅದು ಬೀರುವಿನ ಕತ್ತಲಲ್ಲೇ ಸಂಸಾರ ಬೆಳೆಸಿಕೊಂಡಿತ್ತು. ಸಿಟ್ಟು ನೆತ್ತಿಗೇರಿತು. ಬಾಕಿಯೆಲ್ಲ ಕಟ್ಟಿ, ಕಾರ್ಡು ರದ್ದು ಮಾಡಿಸಿ, ಕತ್ತರಿಯಿಂದ ಎಂಟು ತುಂಡು ಮಾಡಿದೆ. ಕತ್ತರಿಯ ಮೊನೆ ಮುರಿಯಿತು. ಮುಂದಿನ ತಿಂಗಳು ಸ್ಕೋರು ನೋಡಿದರೆ 598.

ಇದರ ಗುಟ್ಟು ತಿಳಿಯಲು ಒಂದು ಭಾನುವಾರ ಪೂರ್ತಿ ಹೋಯಿತು. ನನ್ನ ಎರಡು ಕಾರ್ಡಿನ ಖರ್ಚಿನ ಮಿತಿ ತಲಾ ನೂರು ಅಂದುಕೊಳ್ಳಿ. ನಾನು ನಲವತ್ತು ಖರ್ಚು ಮಾಡುತ್ತಿದ್ದೆ, ಅಂದರೆ ಇನ್ನೂರಕ್ಕೆ ನಲವತ್ತು, ಶೇಕಡಾ 20. ಒಂದನ್ನು ಕತ್ತರಿಸಿದ ಮೇಲೆ ಅದೇ ನಲವತ್ತು ಶೇಕಡಾ 40 ಆಯಿತು. 30ರ ಒಳಗಿದ್ದರೆ ಚೆಂದ ಅನ್ನುತ್ತಾರೆ ಬಲ್ಲವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಪ್ಪ ಹೇಳಿಕೊಟ್ಟಿದ್ದರು. ಇಲ್ಲಿ ಹಾಸಿಗೆಯ ಮೂರನೇ ಒಂದು ಭಾಗದಲ್ಲಿ ಮುದುರಿ ಮಲಗಬೇಕು, ಆದರೆ ಹಾಸಿಗೆ ಮಾತ್ರ ದೊಡ್ಡದಿರಬೇಕು. ನಾನು ಕಾಲು ಚಾಚಿರಲಿಲ್ಲ, ಹಾಸಿಗೆಯನ್ನೇ ಕತ್ತರಿಸಿದ್ದೆ. ಆ 030, 060, 090 ಆದರೂ ಕಾರ್ಡಿನ ಜೊತೆ ಹೋಯಿತೇ ಅಂದರೆ ಅದೂ ಇಲ್ಲ. ಕಾರ್ಡು ಸತ್ತರೂ ಕರ್ಮ ಉಳಿಯುತ್ತದೆ, ಅದೂ ವರ್ಷಗಟ್ಟಲೆ.

ಇಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಒಬ್ಬರು ಕೊಡದಿದ್ದರೆ ಇನ್ನೊಬ್ಬರು ಕೊಟ್ಟಾರು ಅಂತ ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಿದೆ. ಐವರೂ ನನ್ನ ರಿಪೋರ್ಟು ತೆಗೆಸಿ ನೋಡಿದರು. ಹಾಗೆ ಸಾಲ ಕೊಡುವವನು ನೋಡಿದ್ದೆಲ್ಲ ದಾಖಲಾಗುತ್ತದೆ. ಐದನೆಯವನಿಗೆ ನನ್ನ ರಿಪೋರ್ಟು, ಊರೆಲ್ಲ ಕೈಚಾಚಿಕೊಂಡು ಬಂದವನ ಚರಿತ್ರೆಯ ಹಾಗೆ ಕಂಡಿರಬೇಕು. 581! ನಾವೇ ನೋಡಿಕೊಂಡರೆ ಇಳಿಯುವುದಿಲ್ಲ, ಅದು ನಿಜ. ಆದರೆ ಹೆಂಡತಿ ನಂಬಲಿಲ್ಲ. "ದಿನಾ ನೋಡಬೇಡಿ, ದೃಷ್ಟಿಯಾಗತ್ತೆ" ಅಂತ ಮೊಬೈಲ್ ಕಸಿದುಕೊಂಡಳು.

1956ರಲ್ಲಿ ಬಿಲ್ ಫೇರ್ ಎಂಬ ಎಂಜಿನಿಯರು ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞ ಸೇರಿ ಕಟ್ಟಿದ ಕಂಪನಿಯೇ 1989ರಲ್ಲಿ ಈ ಫೈಕೊ ಸ್ಕೋರನ್ನು ಚಲಾವಣೆಗೆ ತಂದದ್ದು. ಅದಕ್ಕೆ ಮುಂಚೆ ಹೆಚ್ಚಾಗಿ ಮುಖ ನೋಡಿ ಮಣೆ ಹಾಕುವ ಕಾಲ. ನನ್ನ ಮುಖಕ್ಕೆ ಆಗಲೂ ಮಣೆ ಸಿಗುತ್ತಿರಲಿಲ್ಲ ಬಿಡಿ. ಅವರ ಲೆಕ್ಕದಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ ಶೇಕಡಾ 35, ಬಾಕಿ ಎಷ್ಟಿದೆ ಅನ್ನುವುದಕ್ಕೆ 30, ಸಾಲದ ನಂಟು ಎಷ್ಟು ಹಳೆಯದು ಅನ್ನುವುದಕ್ಕೆ 15, ಹೊಸ ಸಾಲಕ್ಕೆ 10, ಬಗೆಬಗೆಯ ಸಾಲ ಇರುವುದಕ್ಕೆ 10. ಸಂಬಳಕ್ಕೆ ಒಂದಂಕವೂ ಇಲ್ಲ. ಒಳ್ಳೆಯತನಕ್ಕಂತೂ ಕೇಳಲೇಬೇಡಿ. ಜೀವಮಾನದಲ್ಲಿ ಒಂದು ಕಾಸು ಸಾಲ ಮಾಡದ ನಮ್ಮಪ್ಪನಿಗೆ ಸ್ಕೋರೇ ಇಲ್ಲ. ಎಂಬತ್ತು ವರ್ಷ ಮರ್ಯಾದೆಯಿಂದ ಬಾಳಿದ ಮನುಷ್ಯನ ಹೆಸರಿನ ಮುಂದೆ ಒಂದು ಅಡ್ಡಗೆರೆ.

ಕೊನೆಗೆ ಹೆಂಡತಿಯೇ ದಾರಿ ತೋರಿಸಿದಳು. ಒಳ್ಳೆ ಸ್ಕೋರಿನವರು ಯಾರಾದರೂ ಜಾಮೀನು ಹಾಕಿದರೆ ಕಾರಿನ ಸಾಲ ಕೊಡಲು ಒಂದು ಕಡೆ ಒಪ್ಪಿದ್ದರು. ನಮಗೆ ಗೊತ್ತಿದ್ದ ಒಳ್ಳೆ ಸ್ಕೋರು ಒಂದೇ. ನಾಚಿಕೆ ಬಿಟ್ಟು ಹೋದೆ. ಷಡ್ಡಕರು ಓದದೆಯೇ ಸಹಿ ಹಾಕಿದರು, "ನಮ್ಮನಮ್ಮಲ್ಲಿ ಏನು ಭಾವ ಇದೆಲ್ಲ" ಅಂತ ನಕ್ಕರು.

ನಕ್ಕಿದ್ದು ಅವತ್ತೇ ಕೊನೆ. ಮುಂದಿನ ತಿಂಗಳು ತಮ್ಮ ರಿಪೋರ್ಟು ನೋಡಿದರೆ ನನ್ನ ಸಾಲ ಅವರ ಹೆಸರಿನ ಕೆಳಗೂ ಕೂತಿದೆ. ನಾನು ಕಂತು ತಪ್ಪಿಸಿದರೆ ಬೀಳುವುದು ಅವರ 812ಕ್ಕೂ ಪೆಟ್ಟು. ಕಂತಿನ ದಿನ ಐದನೇ ತಾರೀಕು. ಆವತ್ತಿನಿಂದ ಪ್ರತಿ ತಿಂಗಳು ನಾಲ್ಕನೇ ತಾರೀಕು ಸಂಜೆ ಅವರ ಫೋನು ತಪ್ಪಿದ್ದಿಲ್ಲ. ಮೊದಲು ಮಕ್ಕಳ ಓದು, ಆಮೇಲೆ ಮಳೆ, ಕೊನೆಗೆ ತುಂಬಾ ಸಹಜವಾಗಿ, "ಮತ್ತೆ ಎಲ್ಲ... ಸರಿಯಾಗಿ ನಡೀತಿದೆ ಅಲ್ವಾ ಭಾವ?"

ಕಂತು ನನ್ನ ಖಾತೆಯಿಂದ ತಾನಾಗಿಯೇ ಕಡಿತವಾಗುವಂತೆ ಮೊದಲ ತಿಂಗಳೇ ಬರೆದುಕೊಟ್ಟಿದ್ದೇನೆ. ವರ್ಷವಾಯಿತು, ಸೊನ್ನೆಗಳು ಸಾಲುಗಟ್ಟಿ ಬರುತ್ತಿವೆ, ಸ್ಕೋರು 690ರ ಹತ್ತಿರ ಬಂದಿದೆ. ಇದನ್ನು ಷಡ್ಡಕರಿಗೆ ಇನ್ನೂ ಹೇಳಿಲ್ಲ.

ನಿನ್ನೆ ನಾಲ್ಕನೇ ತಾರೀಕು. ಫೋನು ಬಂತು. "ಹೇಗಿದೀರಿ ಭಾವ?"

"ಯಾಕೋ ಈ ತಿಂಗಳು ಸ್ವಲ್ಪ ಬಿಗಿ" ಅಂದೆ.

ಆ ಕಡೆ ಉಸಿರೇ ಕೇಳಲಿಲ್ಲ. "ಚಪ್ಪಲಿ" ಅಂತ ಸೇರಿಸುವುದಕ್ಕೆ ನಾನು ಅವಸರ ಮಾಡಲಿಲ್ಲ.