ನಮ್ಮೂರ ಗೇಟಲ್ಲಿ ರಸ್ತೆ ದಾಟೋದು

ಇವತ್ತು ಬೆಳಿಗ್ಗೆ ನಮ್ಮೂರ ಗೇಟಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ, ಡೈರಿಗೆ ಹಾಲು ಹಾಕೋಕೆ ಹೊರಟಿದ್ದ ಒಬ್ರು ಅಜ್ಜಿ ಅರ್ಧ ಹೈವೇ ದಾಟಿ ಡಿವೈಡರ್ ಮೇಲೆ ಸಿಕ್ಕಾಕೊಂಡ್ರು. ಆ ಡಿವೈಡರ್ ಒಂದು ಮೊಳ ಅಗಲ ಇಲ್ಲ ಕಣ್ರಿ. ಹಿಂದೆ ಲಾರಿ, ಮುಂದೆ ಕಾರು, ಸೆರಗು ಹಾರ್ತಿದೆ, ಕ್ಯಾನನ್ನ ಎದೆಗೆ ಅವಚ್ಕೊಂಡು ನಿಂತವ್ರೆ. ಓಡೋಗಿ ಕೈ ಅಡ್ಡ ಹಿಡ್ದು ದಾಟಿಸ್ದೆ, ಇದನ್ನ ಟೈಪ್ ಮಾಡುವಾಗ್ಲೂ ಕೈ ನಡುಗ್ತಿದೆ.

ಪಕ್ಕದಲ್ಲಿದ್ದೋರು "ವಯಸ್ಸಾದೋರು ನೋಡ್ಕೊಂಡು ದಾಟ್ಬೇಕಪ್ಪ" ಅಂದ್ರು. ನಂಗೆ ಉರಿದೋಯ್ತು. ಅಜ್ಜಿ ನೋಡ್ಕೊಂಡೇ ದಾಟಿದ್ರು, ನಿಲ್ಲೋಕೆ ಜಾಗ ಇರ್ಲಿಲ್ಲ ಅಷ್ಟೇ. ಮಧ್ಯದಲ್ಲಿ ಆರಡಿ ಅಗಲದ ಕಟ್ಟೆ ಇದ್ದಿದ್ರೆ ನೆಮ್ಮದಿಯಾಗಿ ನಿಂತು ಒಂದ್ಸಲಕ್ಕೆ ಒಂದೇ ಕಡೆ ಗಾಡಿ ನೋಡ್ಕೊಂಡು ದಾಟಬಹುದಿತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ 32,825 ಜನ ನಡ್ಕೊಂಡು ಹೋಗ್ತಿದ್ದೋರು. ಅಷ್ಟೂ ಜನ ನೋಡ್ದೇ ದಾಟಿದ್ರಾ?

ಒಂದು ವಿಷಯ ಹೇಳ್ಕೋಬೇಕು. ನಮ್ ಚಿಕ್ಕಪ್ಪ ಇದೇ ರಸ್ತೇಲಿ ರಾತ್ರಿ ಹೊತ್ತು ಹಂಪ್ ಕಾಣ್ದೇ ಬೈಕಿಂದ ಎಗರಿ ಬಿದ್ದು ತೀರ್ಕೊಂಡಿದ್ದು ನಿಮಗೆಲ್ಲ ಗೊತ್ತು. ಸಾವಿನ ಮನೇಲಿ ನಿಂತು "ಸ್ಪೀಡಾಗಿ ಹೋಗಿರ್ತಾರೆ" ಅಂದೋನು ನಾನೇ. ಚಿಕ್ಕಮ್ಮ ಕೇಳಿಸ್ಕೊಂಡಿದ್ರು. ಆಮೇಲೆ ಓದಿ ತಿಳ್ಕೊಂಡೆ, ರಸ್ತೆ ಹೇಗಿರ್ಬೇಕು ಅಂತ ಅಳತೆ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆ ಲೆಕ್ಕದಲ್ಲಿ ಹಂಪ್ ಅಂದ್ರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರಲ್ಲಿ ಗಾಡಿ ಮೆತ್ತಗೆ ಹತ್ತಿ ಇಳೀಬೇಕು, ಮೇಲೆ ಬಣ್ಣ, ಮುಂಚೆ ಬೋರ್ಡು ಇರ್ಬೇಕು. ಚಿಕ್ಕಪ್ಪನ್ನ ಕೊಂದಿದ್ದು ಬಣ್ಣ ಇಲ್ಲದ ಒಂದೂವರೆ ಅಡಿ ಅಗಲದ ಡಾಂಬರ್ ದಿಣ್ಣೆ.

ಜನ ಹೆಲ್ಮೆಟ್ ಹಾಕಲ್ಲ, ರಾಂಗ್ ಸೈಡಲ್ಲಿ ನುಗ್ತಾರೆ, ರಸ್ತೆ ಏನ್ಮಾಡುತ್ತೆ ಅಂತ ಕಾಮೆಂಟ್ ಹಾಕೋರು ಇದ್ದೇ ಇರ್ತಾರೆ. ಹೆಲ್ಮೆಟ್ ಹಾಕ್ಲೇಬೇಕು, ಒಪ್ಕೋತೀನಿ. ಆದ್ರೆ ಗದ್ದೆ ಎದುರಿಗೇ ಕಾಣ್ತಿದೆ, ಯೂಟರ್ನ್ ಮೂರು ಕಿಲೋಮೀಟರ್ ಆಚೆ ಇದೆ, ಹುಲ್ಲಿನ ಹೊರೆ ಕಟ್ಕೊಂಡಿರೋ ಟಿವಿಎಸ್ ಎಕ್ಸೆಲ್ ಆರು ಕಿಲೋಮೀಟರ್ ಸುತ್ಕೊಂಡು ಬರುತ್ತೆ ಅಂತ ಯಾವ ಇಂಜಿನಿಯರ್ ನಂಬಿದ್ರು? ಊರು ಎಲ್ಲಿದೆ, ಗದ್ದೆ ಎಲ್ಲಿದೆ, ಸ್ಕೂಲ್ ಎಲ್ಲಿದೆ ನೋಡ್ದೇ ಗೆರೆ ಎಳ್ದಿದ್ದು ಅವರು, ಬೈಗುಳ ಮಾತ್ರ ನಮಗೆ. ಸ್ವೀಡನ್ ಪಾರ್ಲಿಮೆಂಟು 1997ರಲ್ಲೇ ವಿಷನ್ ಝೀರೋ ಅಂತ ಒಪ್ಕೊಂಡಿದೆ, ಮನುಷ್ಯ ತಪ್ಪು ಮಾಡೇ ಮಾಡ್ತಾನೆ, ಆ ತಪ್ಪಿಗೆ ಪ್ರಾಣ ಹೋಗದ ಹಾಗೆ ರಸ್ತೆ ಕಟ್ಟೋದು ಕಟ್ಟೋರ ಕೆಲಸ ಅಂತ. ನಮ್ಮಲ್ಲಿ ಒಂದು ಹೆಣ ಬಿದ್ಮೇಲೆ ಒಂದು ಹಂಪ್.

ಗೇಟಲ್ಲಿ ನಿಲ್ಲೋ ಕಟ್ಟೆ, ದೀಪ, ಎರಡೂ ಕಡೆ ಸರಿಯಾದ ಹಂಪ್ ಬೇಕು ಅಂತ ಅರ್ಜಿ ಬರ್ದಿದೀನಿ. ನಾಳೆ ಬೆಳಿಗ್ಗೆ ಆರೂವರೆಗೆ ಡೈರಿ ಹತ್ರ ಇರ್ತೀನಿ, ಊರಲ್ಲಿರೋರು ಬಂದು ಸಹಿ ಹಾಕಿ. ಮೊದಲ ಸಹಿ ಚಿಕ್ಕಮ್ಮಂದು.