ನಿಂತರೂ ತಪ್ಪು, ಕೂತರೂ ತಪ್ಪು

ಮನೆಗೆ ಬಂದು ಕೈಕಾಲು ತೊಳೆದು ಚಹಾ ಕುಡಿದರೂ ಸಿಟ್ಟು ಇಳಿದಿಲ್ಲ. ಅಡುಗೆ ಆಮೇಲೆ ಮಾಡಿದರಾಯಿತು ಅಂತ ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಅಂದರೆ, ಹದಿನೈದು ನಿಮಿಷ ಕೂತು, ಎದ್ದು, ಅಡುಗೆಮನೆವರೆಗೆ ಹೋಗಿ ಬಂದು, ಮತ್ತೆ ಕೂತು. ನನ್ನನ್ನು ಬಲ್ಲವರಿಗೆ ಇದು ಹೊಸದಲ್ಲ. ಇವತ್ತಿನ ಜಗಳವೂ ಇದರ ಮೇಲೆಯೇ ಆಯಿತು.

ಸಂಜೆ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಡೊಂಬಿವಲಿ ಫಾಸ್ಟ್ ಲೋಕಲ್ ಹಿಡಿದೆ. ಎಂದಿನಂತೆ ಅಂಗವಿಕಲರ ಡಬ್ಬ. ಪ್ಲಾಟ್‌ಫಾರ್ಮಿನಲ್ಲಿ ಬೀಪ್ ಬೀಪ್ ಅಂತ ಸದ್ದು ಬರುತ್ತದಲ್ಲ, ಕಣ್ಣು ಕಾಣದವರಿಗೆ ಡಬ್ಬ ನಿಲ್ಲುವ ಜಾಗ ತಿಳಿಯಲಿ ಅಂತ, ಅಲ್ಲೇ ನಿಂತು ಹತ್ತಿದೆ. ಸೀಟು ಸಿಕ್ಕಿತು. ದಾದರ್ ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಕುರ್ಲಾದಲ್ಲಿ ಎದ್ದು ಕಂಬಿ ಹಿಡಿದು ನಿಂತೆ. ಘಾಟ್ಕೋಪರ್ ದಾಟಿದ ಮೇಲೆ ತಿರುಗಿ ಕೂರಲು ಹೋದರೆ, ಪಕ್ಕದ ಸೀಟಿನವರು ನನ್ನ ಜಾಗದ ಮೇಲೆ ಊರುಗೋಲು ಅಡ್ಡ ಇಟ್ಟಿದ್ದರು. ಪೋಲಿಯೊ ಆದ ಕಾಲು, ಐವತ್ತೈದರ ಮೇಲಿನ ವಯಸ್ಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಉಭಂ ರಾಹ್ತಾ ಯೇತಂ ನಾ? ಮಗ್ ಇಥೇ ಕಶಾಲಾ?" ಅಂದರು. ನಿಲ್ಲೋಕೆ ಆಗುತ್ತಲ್ಲ, ಮತ್ತೆ ಇಲ್ಲಿ ಯಾಕೆ ಅಂತ. ಬಾಗಿಲಲ್ಲಿ ನೇತಾಡುತ್ತಿದ್ದ ಇಬ್ಬರು ಗಟ್ಟಿಮುಟ್ಟಾದ ಹುಡುಗರು ದನಿಗೂಡಿಸಿದರು. "ದಿಸಾಯಲಾ ತರ್ ಧಡಧಾಕಟ್ ಆಹೇ." ನೋಡೋಕೆ ಚೆನ್ನಾಗೇ ಇದ್ದಾಳಲ್ಲ!

ನೋಡೋಕೆ ಚೆನ್ನಾಗಿದ್ದೀಯಲ್ಲ. ಹದಿನೇಳು ವರ್ಷದಿಂದ ಇದೊಂದೇ ಮಾತು ಕೇಳುತ್ತಿದ್ದೇನೆ. ಮಾಟುಂಗಾದಲ್ಲಿ ಮದುವೆಗೆ ಹೋದರೆ ನಮ್ಮ ಕುಂದಾಪುರ ಕಡೆಯವರು, "ಎಂತ ಆಯ್ತ್ ಮಾರಾಯ್ತಿ ನಿಂಗೆ? ಲಾಯ್ಕಿದ್ದಿಯಲ್ಲ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೂ ಚುಚ್ಚುತ್ತದೆ.

ನನ್ನ ಕಾಯಿಲೆಯ ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ಬೆನ್ನುಮೂಳೆ, ಸೊಂಟದ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಅಲ್ಲಿ ಉರಿಯೂತ ಆಗುತ್ತದೆ. ವರ್ಷಗಳು ಕಳೆದ ಹಾಗೆ ಕೀಲುಗಳು ಬೆಸೆದುಕೊಳ್ಳಲೂಬಹುದು. ನನಗೆ 26ರಲ್ಲಿ ಶುರುವಾಯಿತು. ಹೆಸರು ಗೊತ್ತಾಗಲು ಇನ್ನೂ ಆರು ವರ್ಷ ಬೇಕಾಯಿತು. ಅಲ್ಲಿಯವರೆಗೆ ಹಾಸಿಗೆ ಬದಲಿಸು, ಎಣ್ಣೆ ಹಚ್ಚು, ಹೆರಿಗೆ ಆದ ಮೇಲೆ ಎಲ್ಲರಿಗೂ ಇದ್ದದ್ದೇ. ಇದರ ಸ್ವಭಾವ ವಿಚಿತ್ರ. ಬೇರೆ ಬೆನ್ನುನೋವು ವಿಶ್ರಾಂತಿ ತೆಗೆದುಕೊಂಡರೆ ಕಡಿಮೆ ಆಗುತ್ತದೆ. ಇದು ವಿಶ್ರಾಂತಿಯಲ್ಲೇ ಜಾಸ್ತಿ. ಬೆಳಿಗ್ಗೆ ಎದ್ದಾಗ ಬೆನ್ನು ಮರದ ಕೊರಡು. ಸ್ವಲ್ಪ ಓಡಾಡಿದರೆ ಸಡಿಲ ಆಗುತ್ತದೆ. ಅದಕ್ಕೇ ಪ್ಲಾಟ್‌ಫಾರ್ಮಿನಲ್ಲಿ ಚುರುಕಾಗಿ ನಡೆಯುವ ನನ್ನನ್ನು ನೋಡಿದವರಿಗೆ ಇವಳಿಗೇನು ಧಾಡಿ ಅನ್ನಿಸುತ್ತದೆ.

ಹಾಗಾದರೆ ಜನರಲ್ ಡಬ್ಬದಲ್ಲಿ ನಿಂತುಕೊಂಡೇ ಹೋಗಬಹುದಲ್ಲ? ಸಂಜೆ ಆರೂವರೆಯ ಗಾಡಿಯಲ್ಲಿ ನಿಂತವರಿಗೆ ಗೊತ್ತು, ಅದು ನಿಲ್ಲುವುದಲ್ಲ, ಸಿಕ್ಕಿಕೊಳ್ಳುವುದು. ಕೈ ಎತ್ತಲು ಜಾಗ ಇಲ್ಲ. ನನ್ನ ಕುತ್ತಿಗೆ ಪೂರ್ತಿ ತಿರುಗುವುದಿಲ್ಲ, ಯಾರು ಎತ್ತ ತಳ್ಳುತ್ತಾರೆ ಅಂತ ಕಾಣುವುದೂ ಇಲ್ಲ. ಗಾಡಿ ಬ್ರೇಕ್ ಹಾಕಿದಾಗ ಹತ್ತು ಜನರ ಭಾರ ಮಡಚಲಾಗದ ಸೊಂಟದ ಮೇಲೆ ಬೀಳುತ್ತದೆ. ಒಂದು ಗಂಟೆಗೂ ಮೇಲೆ ಇದು. ನನಗೆ ಬೇಕಾದದ್ದು ಬರೀ ಸೀಟಲ್ಲ. ಕೂತು, ಏಳಬೇಕು ಅನ್ನಿಸಿದಾಗ ಎದ್ದು, ಮತ್ತೆ ಕೂರುವಷ್ಟು ಜಾಗ. ಮುಂಬೈ ಲೋಕಲ್ಲಿನಲ್ಲಿ ಅಷ್ಟು ಜಾಗ ಇರುವುದು ಆ ಒಂದು ಡಬ್ಬದಲ್ಲಿ ಮಾತ್ರ. ಆದರೆ ಎದ್ದು ನಿಂತ ಕೂಡಲೇ ನಾನು ಸುಳ್ಳಿ ಆಗುತ್ತೇನೆ.

ಅಂಗವೈಕಲ್ಯದ ಸರ್ಟಿಫಿಕೇಟ್ ಸುಮ್ನೆ ಕೊಟ್ಟಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳ ಬೋರ್ಡಿಗೆ ಮೂರು ಸಲ ಹೋದೆ. ಕೋನ ಅಳೆಯುವ ಪಟ್ಟಿ ಇಟ್ಟು ಸೊಂಟ ಎಷ್ಟು ಬಾಗುತ್ತದೆ, ಕಾಲು ಎಷ್ಟು ಹೊರಳುತ್ತದೆ ಅಂತ ಅಳೆದರು. ಕೊನೆಗೆ ಬರೆದದ್ದು ಶೇಕಡಾ 48. ಹೆಚ್ಚಿನ ಸೌಲಭ್ಯಗಳಿಗೆ ಗೆರೆ 40. ನಾನು ಕೇಳಿದೆ, ಸರ್, ನೋವಿನ ಲೆಕ್ಕ? ಬರೀ ನೋವಿಗೆ ಅಂಕ ಇಲ್ಲಮ್ಮ ಅಂದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಒಪ್ಪಿಕೊಂಡಿದೆ. ಅದರಲ್ಲಿ ದೀರ್ಘಕಾಲದ ನೋವು ಅನ್ನುವ ಹೆಸರಿಲ್ಲ.

ಆ ದಿನ ಸಾಲಿನಲ್ಲಿ ನನ್ನ ಪಕ್ಕ ಒಬ್ಬಳು ಹುಡುಗಿ ಇದ್ದಳು. ಫೈಬ್ರೊಮಯಾಲ್ಜಿಯಾ. ಮೈತುಂಬ ನೋವು. ಎಕ್ಸ್‌ರೇಯಲ್ಲಿ ಏನೂ ಇಲ್ಲ, ರಕ್ತದಲ್ಲಿ ಏನೂ ಇಲ್ಲ. ಅವಳು ಬರಿಗೈಯಲ್ಲಿ ಹೋದಳು. ನನ್ನ ಎಕ್ಸ್‌ರೇಯಲ್ಲಿ ಸೊಂಟದ ಕೀಲು ಹಾಳಾದದ್ದು ಚೆನ್ನಾಗಿ ಕಾಣುತ್ತಿತ್ತು. ಕಾಣುತ್ತಿದೆಯಲ್ಲ ಅಂತ ಆ ದಿನ ನನಗೆ ಸಮಾಧಾನ ಆಯಿತು. ನನ್ನ ಮೂಳೆ ಕೆಟ್ಟದ್ದಕ್ಕೆ ನನಗೇ ಸಮಾಧಾನ! ಅವಳ ನೋವು ನನ್ನದಕ್ಕಿಂತ ಕಡಿಮೆ ಅಂತ ಯಾವ ಪಟ್ಟಿಯಿಂದ ಅಳೆದರು? ಆ ಮುಖ ಇನ್ನೂ ಮರೆತಿಲ್ಲ.

ಇನ್ನೊಂದು. ಎಲ್ಲರೂ ನಾನು ಪುಕ್ಕಟೆ ಓಡಾಡುತ್ತೇನೆ ಅಂದುಕೊಂಡಿದ್ದಾರೆ. ರೈಲ್ವೆ ರಿಯಾಯಿತಿ, ಅಂದರೆ ಸೆಕೆಂಡ್ ಕ್ಲಾಸ್ ಟಿಕೆಟಿಗೆ ಶೇಕಡಾ 75, ಪಾಸಿಗೆ 50, ನನ್ನಂತಹ ಕೈಕಾಲು, ಕೀಲಿನ ತೊಂದರೆ ಇರುವವರಿಗೆ ಸಿಗಬೇಕಾದರೆ ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾಗದು ಅಂತ ಡಾಕ್ಟರ್ ಬರೆದುಕೊಡಬೇಕು. ನಾನು ಒಬ್ಬಳೇ ಓಡಾಡುತ್ತೇನೆ. ಸುಳ್ಳು ಬರೆಸಲಿಲ್ಲ. ಪಾಸಿಗೆ ಪೂರ್ತಿ ದುಡ್ಡು ಕೊಡುತ್ತೇನೆ. ಎಸ್‌ಟಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಶೇಕಡಾ 75ರ ರಿಯಾಯಿತಿ ನನಗೂ ಇದೆ. ಅದನ್ನು ತೆಗೆದುಕೊಳ್ಳುತ್ತೇನೆ. ಕಂಡಕ್ಟರ್ ಅಂಗವಿಕಲರ ಕಾರ್ಡ್ ನೋಡಿ, ಮುಖ ನೋಡಿ, ಮತ್ತೆ ಕಾರ್ಡ್ ನೋಡುವಾಗ ಹಿಂದಿನ ಸೀಟಿನವರೆಲ್ಲ ಕತ್ತು ಚಾಚುತ್ತಾರೆ.

ಈಗ ಯಾರಿಗೂ ಹೇಳದ ಎರಡು ಮಾತು. ನಾನು ಲೆಕ್ಕ ಬರೆಯುವವಳು, ಊರವರ ರಿಟರ್ನ್ ತುಂಬುವವಳು. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ಅಂಗವಿಕಲರಿಗೆ ಆದಾಯದಲ್ಲಿ 75,000 ರೂಪಾಯಿ ಕಡಿತ ಸಿಗುತ್ತದೆ ಅಂತ ಎಷ್ಟೋ ಜನರಿಗೆ ನಾನೇ ಹೇಳಿದ್ದೇನೆ. ಸರ್ಟಿಫಿಕೇಟ್ ಬಂದು ಮೂರು ವರ್ಷ ನನ್ನದೇ ರಿಟರ್ನಿನಲ್ಲಿ ಅದನ್ನು ಹಾಕಲಿಲ್ಲ. ಕದ್ದ ಹಾಗೆ ಅನ್ನಿಸುತ್ತಿತ್ತು. ಎರಡನೆಯದು ಇನ್ನೂ ಕಷ್ಟ. ಎರಡು ವರ್ಷದ ಹಿಂದೆ ಮಡಚುವ ಕೋಲು ಕೊಂಡೆ. ನೋವು ಜಾಸ್ತಿ ಇದ್ದ ದಿನ ಅದು ಬೇಕೇ ಬೇಕು. ಆದರೆ ಬೇಡದ ದಿನವೂ ಹಿಡಿದುಕೊಂಡು ಹೋದೆ. ಡಬ್ಬ ಹತ್ತುವಾಗ ಬೇಕೆಂದೇ ಸ್ವಲ್ಪ ಕುಂಟಿದೆ. ಯಾರೂ ಏನೂ ಕೇಳಲಿಲ್ಲ. ಒಬ್ಬರು ಎದ್ದು ಜಾಗವನ್ನೂ ಕೊಟ್ಟರು. ಆ ರಾತ್ರಿ ತುಂಬಾ ಅತ್ತೆ. ನಿಜವಾದ ನೋವನ್ನು ನಂಬಿಸಲು ಸುಳ್ಳು ಕುಂಟು ಹಾಕಬೇಕಾಯಿತಲ್ಲ. ಆಮೇಲೆ ಹಾಗೆ ಮಾಡಿಲ್ಲ. ಇವತ್ತು ಕೋಲು ಬ್ಯಾಗಿನಲ್ಲೇ ಇತ್ತು.

ಕೇಳದೆ ಬಿಟ್ಟರೆ ನಕಲಿಗಳು ತುಂಬಿಕೊಳ್ಳುತ್ತಾರೆ ಅಂತ ನಮ್ಮನೆಯವರೇ ಹೇಳಿದರು ಈಗ. ನಕಲಿ ಸರ್ಟಿಫಿಕೇಟ್ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಶಿಕ್ಷೆ ಕಾಯ್ದೆಯಲ್ಲೇ ಇದೆ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ರೈಲ್ವೆ ರಕ್ಷಣಾ ಪಡೆಯವರು, ಟಿಕೆಟ್ ನೋಡುವ ಟಿಸಿಗಳು ಬಂದು ದಿನಾ ಕೇಳಲಿ. ಕಾರ್ಡ್ ತೋರಿಸುತ್ತೇನೆ, ಬೇಜಾರಿಲ್ಲ. ಆದರೆ ಕಾರ್ಡ್ ಕೇಳಿ. ಕಾಲು ನೋಡಿ ತೀರ್ಪು ಕೊಡಬೇಡಿ. ಬಾಗಿಲಲ್ಲಿದ್ದ ಆ ಇಬ್ಬರ ಹತ್ತಿರ ಏನಿತ್ತು? ಅವರನ್ನು ಯಾರೂ ಕೇಳಲಿಲ್ಲ. ಒಬ್ಬಳೇ ಇರುವ ಹೆಂಗಸನ್ನು ಕೇಳುವುದು ಸುಲಭ, ಅಲ್ವಾ?

ಊರುಗೋಲಿನ ಆ ಹಿರಿಯರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರ ಜಾಗದಲ್ಲಿ ಎಷ್ಟು ವರ್ಷ ಎಷ್ಟು ಜನ ಕೂತಿದ್ದಾರೋ. ಕಾರ್ಡ್ ತೆಗೆದು ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕ್ಷಮೆ ಕೇಳಲಿಲ್ಲ. ಊರುಗೋಲು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮುಲುಂಡ್‌ವರೆಗೆ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಾ ಕೂತೆವು. ಆಮೇಲೆ ಅವರೇ ಮೆಲ್ಲಗೆ ಕೇಳಿದರು. "ರಾತ್ರೀ ಝೋಪ್ ಲಾಗ್ತೇ ಕಾ?"

ರಾತ್ರಿ ನಿದ್ದೆ ಬರುತ್ತದಾ ಅಂತ. ಬೋರ್ಡಿನಲ್ಲಿ ಮೂರು ಸಲವೂ ಯಾರೂ ಇದನ್ನು ಕೇಳಿರಲಿಲ್ಲ. ಮೂರು ಗಂಟೆಗೆ ಎಚ್ಚರ ಆಗುತ್ತದೆ, ಆಮೇಲೆ ಇಲ್ಲ ಅಂದೆ. "ಮಲಾ ಪಣ್ ನಾಹೀ," ನನಗೂ ಇಲ್ಲ ಅಂದರು.

ಠಾಣೆ ಬಿಟ್ಟ ಮೇಲೆ ಮತ್ತೆ ಸೊಂಟ ಹಿಡಿಯಿತು. ಎದ್ದು ಕಂಬಿ ಹಿಡಿದು ನಿಂತೆ. ತಿರುಗಿ ನೋಡಿದಾಗ ಅವರು ನನ್ನ ಸೀಟಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು, ಬೇರೆ ಯಾರೂ ಬಂದು ಕೂರದ ಹಾಗೆ.